ಚಿಕ್ಕಯ್ಯ ಸೋತ ಚುನಾವಣೆ

ಮೊನ್ನೆ ಮೊಮ್ಮಗಳ ಗಾಳಿಪಟಕ್ಕೆಂದು ಒಂದು ಹಿಡಿ ಮೈದಾ ಹಿಟ್ಟನ್ನು ನೀರಿಗೆ ಕದಡಿ ಒಲೆಯ ಮೇಲಿಟ್ಟಿದ್ದೆ. ಅಂಟು ಕುದಿದು ಗಟ್ಟಿಯಾಗುವಾಗ ಎದ್ದ ಆ ಮಂಕು ಹಸಿವಾಸನೆ ಮೂಗಿಗೆ ತಾಗಿದ್ದೇ, ಅರವತ್ತರ ದಶಕದ ಸಾಗರದ ನಮ್ಮ ಬಾಡಿಗೆ ಮನೆಯ ಅಡಿಗೆಕೋಣೆ ಕಣ್ಣ ಮುಂದೆ ಬಂತು. ಅಲ್ಲಿ ಅವ್ವ ಅನ್ನದ ಪಾತ್ರೆ ಕೆಳಗಿಳಿಸಿ, ದೊಡ್ಡ ಹಂಡೆ ಏರಿಸಿ, ಇದೇ ಅಂಟು ಕಾಯಿಸುತ್ತಿದ್ದಳು. ಹುಳ ಬೀಳದಿರಲೆಂದು ಚೂರು ಮೈಲುತುತ್ತ ಹಾಕಿದರೆ ಅದು ತೆಳುನೀಲಿಗೆ ತಿರುಗುತ್ತಿತ್ತು. ಚಿಕ್ಕಯ್ಯ ಮೊದಲ ಸಲ ಚುನಾವಣೆಗೆ ನಿಂತಿದ್ದ. ಅವನ ಹೆಸರಿನ ಕಾಗದಗಳನ್ನು ಊರ ಗೋಡೆಗಳಿಗೆ ಹಚ್ಚುವ ಅಂಟು ಅದು.

ಚಿಕ್ಕಯ್ಯ ನನ್ನ ಅಪ್ಪನ ತಮ್ಮ. ತೀರ್ಥಹಳ್ಳಿ ಕಡೆಯ ಒಕ್ಕಲು ಮನೆಯಲ್ಲಿ ಹುಟ್ಟಿ, ಕಾನೂನು ಓದಿ, ಸಾಗರದ ಕೋರ್ಟಿನಲ್ಲಿ ಗೇಣಿದಾರರ ಪರ ವಾದಿಸುತ್ತಿದ್ದ. ಚಿಕ್ಕಮ್ಮ ಮದುವೆಯಾದ ಸ್ವಲ್ಪ ಕಾಲಕ್ಕೇ ತೀರಿಕೊಂಡಿದ್ದರಿಂದ ನಮ್ಮೊಂದಿಗೇ ಇದ್ದ. ಅವನು ಗೆದ್ದು ಶಾಸಕನಾದ ಮರುದಿನದಿಂದ ಆ ಮನೆ ನಮ್ಮದಾಗಿ ಉಳಿಯಲಿಲ್ಲ. ಬೆಳಗ್ಗೆ ಬಾಗಿಲು ತೆಗೆದರೆ ಜಗಲಿಯ ತುಂಬ ಜನ. ಕಂಬಳಿ, ಬೀಡಿ, ಒದ್ದೆ ಚಪ್ಪಲಿಯ ವಾಸನೆ. ಬೆಂಗಳೂರಿನ ಅಧಿವೇಶನ ಮುಗಿಸಿ ರೈಲಿಳಿದು ಬಂದವನು ಕೋಟು ಬಿಚ್ಚುವ ಮೊದಲೇ ಅವರ ನಡುವೆ ಕೂತಿರುತ್ತಿದ್ದ. ಅವನು ತಾಟಿನ ಮುಂದೆ ಕೂತು ಪೂರ್ತಿ ಒಂದು ಊಟ ಮಾಡಿ ಎದ್ದದ್ದು ನನಗೆ ನೆನಪಿಲ್ಲ. ಅವ್ವ ಕಾಫಿ ಸೋಸಿ ಸೋಸಿ ಸೊಂಟ ಹಿಡಿದುಕೊಂಡು ನಿಲ್ಲುತ್ತಿದ್ದಳು.

ಹಾಗೆ ಬಂದವರಲ್ಲಿ ಕನ್ನಪ್ಪನೂ ಒಬ್ಬ. ಶರಾವತಿ ದಂಡೆಯ ಹಳ್ಳಿಯವನು, ಗೇಣಿ ಗದ್ದೆ ಮಾಡುತ್ತಿದ್ದ. ಚಿಕ್ಕಯ್ಯನನ್ನು ಶಾಸಕನಾದ ಮೇಲೂ ವಕೀಲರೆಂದೇ ಕರೆಯುತ್ತಿದ್ದ. ಹೊಳೆಗೆ ಅಣೆಕಟ್ಟು ಏಳುತ್ತಿತ್ತು. ಅವನ ಹಳ್ಳಿ ಮುಳುಗುವುದಿತ್ತು. "ವಕೀಲ್ರೇ, ನೀರು ನಿಲ್ಸಕ್ಕೆ ಆಗಲ್ವಾ?" ಎಂದು ಅವನು ಕೇಳಿದಾಗ ಚಿಕ್ಕಯ್ಯ ಅವನನ್ನು ಪಕ್ಕಕ್ಕೆ ಕೂರಿಸಿಕೊಂಡ. "ಅದು ನನ್ ಕೈಲಾಗಲ್ಲ ಕನ್ನಪ್ಪ. ಸುಳ್ಳು ಹೇಳಲ್ಲ. ಭೂಮಿ ಕೊಡಿಸ್ತೀನಿ, ಅಷ್ಟೇ ನನ್ ಕೈಲಾಗೋದು" ಎಂದ.

ಆ ಒಂದು ಮಾತು ಅವನ ಹೆಗಲಿನಿಂದ ಮತ್ತೆ ಇಳಿಯಲಿಲ್ಲ. ಗೇಣಿದಾರನ ಹೆಸರಲ್ಲಿ ಹೊಲವಿಲ್ಲ, ಪರಿಹಾರ ಒಡೆಯನಿಗೆ. ಉತ್ತ ಕೈಗೂ ಭೂಮಿ ಕೊಡಿ ಎಂದು ಸಭೆಯಲ್ಲಿ ಗಂಟಲು ಹರಿದುಕೊಂಡ. ಹೊಸನಗರ, ತೀರ್ಥಹಳ್ಳಿ ತಾಲೂಕುಗಳ ಕಾಡಂಚಿನಲ್ಲಿ ಜಾಗ ಹುಡುಕುತ್ತ ಅಮಲ್ದಾರರ ಹಿಂದೆ ಅಲೆದ. ಕಾಡಿನಲ್ಲಿ ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳಗಳನ್ನು ಸುಣ್ಣ ಹಚ್ಚಿ ಬಿಡಿಸುತ್ತ ಅವ್ವ ಬೈಯುವಾಗ, ಅವನು ಗೋಡೆಗೊರಗಿ ಕೂತಲ್ಲೇ ತೂಕಡಿಸುತ್ತಿದ್ದ.

ಒಂದು ಸಂಜೆ ಆಳುವ ಪಕ್ಷದ ಹಿರಿಯರೊಬ್ಬರು ಕಾರಿನಲ್ಲಿ ಬಂದರು. ಈ ಭೂಮಿಯ ಮಾತು ಬಿಟ್ಟು ತಮ್ಮ ಕಡೆ ಬಂದರೆ ದೊಡ್ಡ ಸ್ಥಾನವಿದೆ ಎಂದರು. ಚಿಕ್ಕಯ್ಯ ಅವರಿಗೆ ಕಾಫಿ ಕೊಟ್ಟು, ಕೈಮುಗಿದು ಕಳಿಸಿದ. ಕಾರು ಮರೆಯಾದ ಮೇಲೆ ಅವ್ವ ತಡೆಯಲಾರದೆ, "ಒಪ್ಕಂಡಿದ್ರೆ ಏನಾಗ್ತಿತ್ತು ನಿಂಗೆ? ಒಂದಿನನಾದ್ರೂ ಕಾಲು ಚಾಚಿ ಕೂರ್ತಿದ್ದೆ" ಎಂದಳು. ಚಿಕ್ಕಯ್ಯ ನಕ್ಕ. "ಆಮೇಲೆ ಕನ್ನಪ್ಪ ಬಂದಾಗ ನಾನು ಒಳಗಿಂದ ಎದ್ದು ಬಂದು ಅವನ ಮುಖ ನೋಡಬೇಕಲ್ಲ ಅತ್ತಿಗೆ."

ಕೊನೆಗೂ ತೀರ್ಥಹಳ್ಳಿ ತಾಲೂಕಿನ ಕಾಡೊಳಗೆ ಭೂಮಿ ಮಂಜೂರಾಯಿತು. ಹಳ್ಳಿ ಬಿಡುವ ದಿನ ಚಿಕ್ಕಯ್ಯ ಲಾರಿಗಳ ಹತ್ತಿರವೇ ನಿಂತಿದ್ದನಂತೆ. ಕನ್ನಪ್ಪನ ಹೆಂಡತಿ ಮನೆಯ ಬಾಗಿಲನ್ನು ಬಿಟ್ಟು ಬರುವುದಿಲ್ಲವೆಂದು ಹಟ ಹಿಡಿದಳಂತೆ. ಚಿಕ್ಕಯ್ಯನೇ ಹಾರೆ ಹಾಕಿ ದಾರಂದವನ್ನು, ಬಾಗಿಲ ಆ ಇಡೀ ಚೌಕಟ್ಟನ್ನು, ಮೀಟಿ ಕಿತ್ತು, ಒಂದು ತುದಿಗೆ ಹೆಗಲು ಕೊಟ್ಟು ಲಾರಿಗೆ ಏರಿಸಿದನಂತೆ. ಆ ರಾತ್ರಿ ಅವನು ಅನ್ನ ಮುಟ್ಟಲಿಲ್ಲ.

ಎರಡನೆಯ ಚುನಾವಣೆ ಬಂತು. ಅವ್ವ ಮತ್ತೆ ಹಂಡೆ ಏರಿಸಿದಳು. ಆದರೆ ಜಗಲಿಯಲ್ಲಿ ಜನ ಕಡಿಮೆಯಾಗಿದ್ದರು. ಮತದಾನದ ದಿನ ಬೆಳಗ್ಗೆ ಕನ್ನಪ್ಪ ಮತ್ತು ಅವನ ಹಳ್ಳಿಯವರೆಲ್ಲ ಬಂದಿಳಿದರು. ಕಾಡಿನಿಂದ ನಡೆದು, ಸಿಕ್ಕ ಲಾರಿ ಹತ್ತಿ, ಹೆಂಗಸರು ಮದುವೆಗೆ ಉಡುವ ಸೀರೆ ಉಟ್ಟು ಬಂದಿದ್ದರು. ಶಾಲೆಯ ಮುಂದೆ ಸಾಲಿನಲ್ಲಿ ನಿಂತರು. ಒಬ್ಬರ ಹೆಸರೂ ಮತದಾರರ ಪಟ್ಟಿಯಲ್ಲಿರಲಿಲ್ಲ. ಊರು ಬಿಟ್ಟವರ ಹೆಸರು ಈ ಕ್ಷೇತ್ರದಲ್ಲಿ ಹೇಗಿದ್ದೀತು? ಮಧ್ಯಾಹ್ನ ಎಲ್ಲರೂ ನಮ್ಮ ಮನೆಗೆ ಬಂದರು. "ನಿಮ್ಗೇ ಹಾಕಣ ಅಂತ ಬಂದ್ವಿ ವಕೀಲ್ರೇ. ನಮ್ಗೆ, ನೀವು ಇಲ್ಲಿನೋರೇ ಅಲ್ಲ ಅಂದ್ಬಿಟ್ರು" ಎಂದ ಕನ್ನಪ್ಪ. ಅವನ ಕಣ್ಣು ತುಂಬಿತ್ತು. ಚಿಕ್ಕಯ್ಯ ಅವನ ಬೆನ್ನ ಮೇಲೆ ಕೈಯಿಟ್ಟು, "ಮೊದ್ಲು ಊಟ ಮಾಡಿ" ಎಂದ. ತಾನೇ ಎಲೆ ಹಾಕಿದ.

ಚಿಕ್ಕಯ್ಯ ಸೋತ. "ನಿನ್ನ ಓಟನ್ನ ನೀನೇ ಲಾರಿ ಹತ್ತಿಸಿ ಕಳ್ಸಿದೆ. ಗೊತ್ತಿರ್ಲಿಲ್ವಾ?" ಎಂದು ಅವ್ವ ಕೇಳಿದಳು. "ಗೊತ್ತಿತ್ತು" ಎಂದ ಅವನು. ಅದರಲ್ಲಿ ಕಹಿಯಿರಲಿಲ್ಲ, ದಣಿವಿತ್ತು, ಅಷ್ಟೆ.

ಆಮೇಲೂ ಅವನು ಕೋರ್ಟಿಗೆ ಹೋದ, ಗೇಣಿ ಕೇಸು ನಡೆಸಿದ. ಕಚೇರಿಗಳ ಮುಂದೆ ಉಳಿದವರಂತೆ ಬಿಸಿಲಲ್ಲಿ ಕಾದ. ಆದರೆ ಅವನೊಳಗಿನದೇನೋ ಬಸಿದುಹೋಗಿತ್ತು. ಆ ದಶಕ ಮುಗಿಯುವ ಮೊದಲೇ, ಜ್ವರವೆಂದು ಮಲಗಿದವನು ಏಳಲಿಲ್ಲ. ಈಗ ಅವ್ವನಿಲ್ಲ, ಅಪ್ಪನಿಲ್ಲ. ಆ ಜಗಲಿಯಿದ್ದಲ್ಲಿ ಪಾತ್ರೆ ಅಂಗಡಿಯಿದೆ. ಚಿಕ್ಕಯ್ಯನ ಹೆಸರು ಹೇಳಿದರೆ ಸಾಗರದಲ್ಲಿ ಯಾರೋ ಒಬ್ಬ ಮುದುಕ ತಲೆಯಾಡಿಸಬಹುದು. ನಿಮ್ಮ ಊರಲ್ಲೂ ಇಂಥವನೊಬ್ಬ ಇದ್ದಿರಬಹುದು. ಹಾಗಾದರೆ ನಾನು ಹೇಳುವುದು ನಿಮಗೆ ತಿಳಿಯುತ್ತದೆ.

ಸೋತು ವಾರ ಕಳೆದ ಮೇಲಿನ ಒಂದು ಮಧ್ಯಾಹ್ನ ಮಾತ್ರ ನನ್ನೊಳಗೆ ಹಾಗೇ ಇದೆ. ಜಗಲಿ ಖಾಲಿಯಿತ್ತು. ಚಿಕ್ಕಯ್ಯ ಚಾಪೆ ಹಾಸಿ, ತೋಳು ತಲೆಯಡಿಗಿಟ್ಟು ಮಲಗಿಬಿಟ್ಟಿದ್ದ. ಅವನು ಹಗಲು ಮಲಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಗ ಕನ್ನಪ್ಪ ಹೊಸ ಜಾಗದಲ್ಲಿ ಬೆಳೆದ ಬಾಳೆಗೊನೆ ಹೊತ್ತು ಬಂದ. ಎಬ್ಬಿಸಲು ಹೋದ ನನ್ನನ್ನು ಕೈಸನ್ನೆಯಲ್ಲಿ ತಡೆದು, "ಬೇಡ ಮಗ, ಮಲಗ್ಲಿ" ಎಂದ. ಗೊನೆಯನ್ನು ಸದ್ದಾಗದಂತೆ ಗೋಡೆಗೆ ಆನಿಸಿದ. ಚಾಪೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಹೆಗಲ ಟವೆಲಿನಿಂದ ಅವನ ಮುಖದ ಮೇಲೆ ಕೂರುವ ನೊಣಗಳನ್ನು ಮೆಲ್ಲಗೆ ಓಡಿಸತೊಡಗಿದ. ಬಿಸಿಲು ಜಗಲಿ ದಾಟಿ, ಅವ್ವ ದೀಪ ಹಚ್ಚುವವರೆಗೂ ಒಬ್ಬ ಮಲಗಿದ್ದ, ಇನ್ನೊಬ್ಬ ಗಾಳಿ ಬೀಸುತ್ತಿದ್ದ.