ಉಪ್ಪು ನೋಡುವ ಮೊದಲು

ಸುಳ್ಳು ಹೇಳಲು ನಾನು ಇದುವರೆಗೆ ಪಟ್ಟ ಅತಿ ಕಡಿಮೆ ಶ್ರಮವೆಂದರೆ ಒಂದು ಟಿಕ್ ಗುರುತು. ನಮ್ಮ ಎಂ.ಎ. ಅಸೈನ್‌ಮೆಂಟಿನ ಕೊನೆಯ ಪುಟದಲ್ಲಿ ಈಗ ಒಂದು ಸಾಲು ಅಚ್ಚಾಗಿರುತ್ತದೆ: ‘ಈ ಬರಹಕ್ಕೆ ಎಐ ನೆರವು ಪಡೆದಿದ್ದೇನೆ / ಪಡೆದಿಲ್ಲ.’ ನಾನು ‘ಪಡೆದಿಲ್ಲ’ಕ್ಕೆ ಗುರುತು ಹಾಕಿ, ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ನೆಮ್ಮದಿಯಾಗಿ ಚಹಾ ಕುಡಿದೆ.

ವಿಷಯ, ನಮ್ಮ ಕಡೆಯ ಕಾಡುಗಡ್ಡೆಗಳ ಅಡುಗೆ. ಆಯಿಯನ್ನು, ಎಂದರೆ ಅಮ್ಮನನ್ನು, ಕೇಳಿದ್ದರೆ ಸಾಕಿತ್ತು. ಆದರೆ ಅವಳನ್ನು ಒಂದು ಗಡ್ಡೆಯ ಬಗ್ಗೆ ಕೇಳಿದರೆ, ಅದನ್ನು ಮೊದಲು ಅಗೆದವನ ಮದುವೆಯಿಂದ ಶುರು ಮಾಡುತ್ತಾಳೆ. ಫೋನಿನ ಎಐ ಹಾಗಲ್ಲ. ಕೇಳಿದ್ದೇ ತಡ, ಐದು ಗಡ್ಡೆ, ಐದು ಪಲ್ಯ. ಎಂದೂ ಒಲೆಯ ಮುಂದೆ ಕೂರದ ಯಂತ್ರ ‘ಹದವಾಗಿ ಬೇಯಲಿ’ ಎಂದು ಬರೆದಿದ್ದನ್ನು ನಾನು ಬೆರಗಾಗಿ ಓದಿದೆ. ಅದಕ್ಕೆ ನಾನು ಸೇರಿಸಿದ್ದು ಎರಡೇ ಪದ: ‘ನಮ್ಮ ಮನೆಯಲ್ಲಿ’.

ಮೇಡಂಗೆ ಖುಷಿಯಾಯಿತು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಡುಗೆ ಮಾಡಿ ತೋರಿಸಬೇಕೆಂದರು. ನನ್ನ ಐದನೆಯ ಪಲ್ಯ ಯಲ್ಲಾಪುರದ ಗೆಳತಿ ರುಖಿಯಾಳ ಪಾಲಿಗೆ ಬಂತು. ಅವಳು ಅದರಲ್ಲಿದ್ದ ಗುರುತಿನಂತೆ ಬೇಲಿಯಲ್ಲಿ ಸಿಕ್ಕ ಗಡ್ಡೆಯನ್ನು ಬಳ್ಳಿಯ ಸಮೇತ ತಂದು, ವಿಭಾಗದ ಹಿಂದಿನ ಜಗಲಿಯಲ್ಲಿ ನನ್ನ ಬರಹವನ್ನೇ ಎದುರಿಗಿಟ್ಟುಕೊಂಡು ಬೇಯಿಸಿದಳು. ಉಪ್ಪು ನೋಡಲು ಚಮಚ ಎತ್ತಿದಳು. ಅದು ತುಟಿಯ ಹತ್ತಿರ ಬಂತು.

ನೀರಿನ ಕೊಡ ಹೊತ್ತು ಬಂದ ಹುಲೇಕಲ್ಲಿನ ಅಟೆಂಡರ್ ಬೀರಣ್ಣ, ಬುಟ್ಟಿಯಲ್ಲಿದ್ದ ಬಳ್ಳಿ ಕಂಡು ನಿಂತ. ಕೂಗಲಿಲ್ಲ.

“ತಂಗಿ, ಚಮಚ ಕೆಳಗಿಡು. ಅದು ಗೌರಿ ಹೂವಿನ ಗಡ್ಡೆ, ವಿಷ. ತಿನ್ನೂಕೆ ಯಾರು ಹೇಳಿದ್ದು ನಿಂಗೆ?”

ರುಖಿಯಾ ನನ್ನತ್ತ ನೋಡಿದಳು. “ಇವ್ಳ ಮನೇಲಿ ಮಾಡ್ತಾರಂತೆ.”

ಆ ಚಮಚ ಈಗಲೂ ನನ್ನ ಕಣ್ಣೆದುರು ನಿಂತಿದೆ. ಹಲ್ಲುಜ್ಜುವಾಗ, ಬಸ್ಸಿನಲ್ಲಿ ಕೂತಾಗ, ಅದು ತುಟಿಯವರೆಗೆ ಬಂದು ನಿಲ್ಲುತ್ತದೆ. ಕೆಲವೊಮ್ಮೆ ಬೀರಣ್ಣ ಬರುವುದೇ ಇಲ್ಲ. ನನ್ನನ್ನು ಹೆಚ್ಚು ನಡುಗಿಸಿದ್ದು ಯಂತ್ರದ ತಪ್ಪಲ್ಲ. ಅವಳು ನಂಬಿದ್ದು ಯಂತ್ರವನ್ನಲ್ಲ, ಮತ್ತಿಘಟ್ಟದ ನನ್ನ ಮನೆಯನ್ನು. ಎರಡು ಪದಕ್ಕೆ ಅಷ್ಟು ಬಲವಿದೆಯೆಂದು ನನಗೆ ಗೊತ್ತಿರಲಿಲ್ಲ.

ನಮ್ಮಲ್ಲಿ ತಂಬುಳಿ ಬಡಿಸುವಾಗ ಆಯಿ, ‘ಈ ಸೊಪ್ಪು ಶಾರದತ್ತೆ ಹೇಳಿದ್ದು’ ಎಂದು ಹೆಸರು ಹೇಳದೆ ಸೌಟು ಎತ್ತುವುದಿಲ್ಲ. ಅದನ್ನು ಹರಟೆಯೆಂದುಕೊಂಡಿದ್ದೆ. ಅಂದು ನಡೆದದ್ದನ್ನೆಲ್ಲ ಅವಳಿಗೆ ಹೇಳಿ, ಹೆಸರು ಹೇಳುವುದೇಕೆಂದು ಕೇಳಿದೆ.

“ಹೆಸ್ರು ಹೇಳಿರೆ, ಉಂಬವು ಬೇಕಾದ್ರೆ ಅವ್ರನ್ನೇ ಕೇಳ್ಲಕ್ಕು. ಹೇಳ್ದೇ ಇದ್ರೆ ಯನ್ನ ಮೋರೆ ನೋಡಿ ನುಂಗ್ತ,” ಎಂದಳು. ಉಣ್ಣುವವರು ಬೇಕಿದ್ದರೆ ವಿಚಾರಿಸಲಿ, ಬರೀ ಅವಳ ಮುಖ ನಂಬಿ ನುಂಗದಿರಲಿ ಎಂದು.

ಮರುದಿನ ಮೇಡಂ ಬಳಿ ಒಪ್ಪಿಕೊಂಡು, ಬರಹವನ್ನು ಮರಳಿ ಪಡೆದೆ. ಯಂತ್ರವನ್ನು ಏನು ಕೇಳಿದೆ, ಅದೇನು ಹೇಳಿತು, ಯಾವುದನ್ನು ಆಯಿ ಒಪ್ಪಿದಳು, ಯಾವುದನ್ನು ಬೀರಣ್ಣ ತಡೆದ, ಎಲ್ಲ ಬರೆದೆ. ಒಂದು ಸಾಲಿನ ಜಾಗ ಸಾಲದೆ ಅಂಚಿನಲ್ಲೂ ಬರೆದೆ. ಅಂಕ ಕಡಿಮೆಯಾಯಿತು. ಯಂತ್ರದ ಮೇಲಿನ ಬೆರಗು ಕಡಿಮೆಯಾಗಿಲ್ಲ. ಈಗಲೂ ಕೇಳುತ್ತೇನೆ, ಕೇಳಿದ್ದೇನೆಂದು ಬರೆಯುತ್ತೇನೆ.

ರುಖಿಯಾ ಒಂದು ವಾರ ಬೇರೆ ಬೆಂಚಿನಲ್ಲಿ ಕೂತಳು. ಆಮೇಲೆ ಒಂದು ಮಧ್ಯಾಹ್ನ ಸಮೋಸಾದ ಡಬ್ಬಿ ತಂದು ಎದುರಿಗಿಟ್ಟಳು. ನಾನು ಕೈ ಹಾಕುವಷ್ಟರಲ್ಲಿ ಮುಚ್ಚಳ ಒತ್ತಿ ಹಿಡಿದಳು.

“ಮೊದ್ಲು ಕೇಳು. ಹಿಟ್ಟು ಅಮ್ಮಿ ಕಲಸಿದ್ದು. ಮಸಾಲೆ ಖಾಲಾ, ಅಮ್ಮಿ ತಂಗಿ, ಹೇಳ್ಕೊಟ್ಟಿದ್ದು. ಉಪ್ಪು ಮಾತ್ರ ನಂದು.”

ಉಪ್ಪು ತುಸು ಹೆಚ್ಚಾಗಿತ್ತು. ಯಾರದೆಂದು ಗೊತ್ತಿತ್ತಲ್ಲ, ಎರಡು ತಿಂದೆ.