ದೊಡ್ಡಕ್ಷರದ ಅಕ್ಕ

ಆ ಮನೆಯಲ್ಲಿ ಇಬ್ಬರು ವಾರಗಿತ್ತಿಯರು. ಬಸ್ ನಿಲ್ದಾಣದ ಎದುರಿನ ಅಂಗಡಿಗೆ ಬಟ್ಟೆಚೀಲಗಳ ಮೇಲೆ ಊರುಗಳ ಹೆಸರು ಹೊಲಿದುಕೊಡುವುದು ಅವರ ಕಸುಬು. ಬಂದುಹೋಗುವ ಪ್ರವಾಸಿಗರು ಅವನ್ನು ಕೊಂಡು ಹೆಗಲಿಗೇರಿಸಿಕೊಂಡು ಜಂಬದಿಂದ ಹೋಗುತ್ತಿದ್ದರು. ಹೆಸರೆಲ್ಲ ಇಂಗ್ಲಿಷಿನಲ್ಲಿ. ಮೊದಲನೆಯದು ದೊಡ್ಡಕ್ಷರ, ಮಿಕ್ಕವು ಚಿಕ್ಕವು.

ದೊಡ್ಡಕ್ಷರ ಹಿರಿಯವಳ ಪಾಲಿನದು. ಚಿಕ್ಕಂದಿನಲ್ಲಿ ಶಾಲೆಯಲ್ಲಿ ದೊಡ್ಡಕ್ಷರ ಮುಗಿಯುತ್ತಿದ್ದಂತೆಯೇ ಅವಳನ್ನು ಬಿಡಿಸಿದ್ದರು, ಚಿಕ್ಕಕ್ಷರದ ಮುಖವನ್ನೇ ಅವಳು ನೋಡಿರಲಿಲ್ಲ. ಕಿರಿಯವಳು ಏಳನೆಯ ತರಗತಿ ಓದಿದವಳು. ಹಿರಿಯವಳು ಮೊದಲಕ್ಷರ ಹಾಕಿ ಮುಗಿಸದೆ ಬಟ್ಟೆ ಕಿರಿಯವಳ ಮಡಿಲಿಗೆ ಹೋಗುತ್ತಿರಲಿಲ್ಲ. ಬೀದಿಯವರು ಅವಳನ್ನು ದೊಡ್ಡಕ್ಷರದ ಅಕ್ಕ ಎಂದೇ ಕರೆಯುತ್ತಿದ್ದರು.

"ಬರೀ ಊರು ಅಂದ್ರೆ ಚಿಕ್ಕಕ್ಷರ ಸಾಕು," ಎನ್ನುತ್ತಿದ್ದಳು ಅವಳು. "ಇದೇ ಊರು ಅಂತ ಹೆಸರು ಹಿಡಿದು ಕರೆದ ಮೇಲೆ ದೊಡ್ಡಕ್ಷರ ಕೊಡಲೇಬೇಕು. ಮನುಷ್ಯರಿಗೂ ಹಾಗೇ ಅಲ್ವಾ?"

ಗಂಡ ತೀರಿಕೊಂಡ ಮೇಲೆ ಮೈದುನನ ಮನೆಯ ಅನ್ನವನ್ನು ಅವಳು ತಲೆಯೆತ್ತಿ ಉಣ್ಣುತ್ತಿದ್ದದ್ದು ಆ ಒಂದು ಅಕ್ಷರದ ಬಲದಿಂದ.

ಒಂದು ಮಧ್ಯಾಹ್ನ ಕಿರಿಯವಳು ಪಕ್ಕದಲ್ಲಿ ಬಂದು ಕುಳಿತಳು. "ಅಕ್ಕ, ಮಗಳಿಗೆ ಶಾಲೇಲಿ ಹೊಲಿಗೆ ಪರೀಕ್ಷೆಯಂತೆ. ನೀವು ದೊಡ್ಡಕ್ಷರ ಹೇಗೆ ಹಾಕ್ತೀರಿ, ಒಂಚೂರು ತೋರಿಸಿ. ನಾನು ಅವಳಿಗೆ ಹೇಳಿಕೊಡ್ತೀನಿ."

ಹಿರಿಯವಳು ಹಿಗ್ಗಿಹೋದಳು. ಅಡಿಯಲ್ಲಿ ದಪ್ಪ ನೂಲು ಹಾಸುವುದು, ಅದರ ಮೇಲೆ ರೇಷ್ಮೆ ನೂಲನ್ನು ಒತ್ತೊತ್ತಾಗಿ ಎಳೆಯುವುದು, ಬಟ್ಟೆಯ ಬೆನ್ನಲ್ಲಿ ಗಂಟು ಕಾಣದಂತೆ ಕೊನೆಯ ಎಳೆಯನ್ನು ಒಳಗೇ ಅಡಗಿಸುವುದು, ಒಂದನ್ನೂ ಬಚ್ಚಿಡದೆ ಹೇಳಿಕೊಟ್ಟಳು. ತಪ್ಪಿದ ಕಡೆ ಬೆರಳು ಹಿಡಿದು ತಿದ್ದಿದಳು.

ಅದಾದ ಸ್ವಲ್ಪ ದಿನಕ್ಕೆ ಕೆಲಸ ನಿಂತಿತು. "ಅಂಗಡಿಯಿಂದ ಬಟ್ಟೆ ಬಂದಿಲ್ಲ ಅಕ್ಕ," ಎಂದಳು ಕಿರಿಯವಳು. ಕೇಳಿದಾಗೆಲ್ಲ ಅದೇ ಮಾತು. ಕೈಕಟ್ಟಿ ಕುಳಿತು ಸಾಕಾಗಿ ಹಿರಿಯವಳು ತಾನೇ ಅಂಗಡಿಗೆ ಹೋದಳು.

ಅಂಗಡಿಯವನು ಗಡಬಡಿಸಿ ಎದ್ದು ಕುರ್ಚಿ ಎಳೆದ. "ಒಬ್ಬರೇ ಯಾಕೆ ಬಂದ್ರಿ ಅಮ್ಮ? ಕಣ್ಣು ಮಂಜಾಗಿದೆ, ಸೂಜಿ ಬಿಟ್ಟಿದ್ದಾರೆ ಅಂತ ನಿಮ್ಮ ವಾರಗಿತ್ತಿ ಹೇಳಿದ್ರು. ಈಗ ಪೂರ್ತಿ ಅವರೇ ಮಾಡಿಕೊಡ್ತಾರೆ."

ಅವನ ತಲೆಯ ಮೇಲೆ ಹೊಸ ಚೀಲಗಳು ತೂಗುತ್ತಿದ್ದವು. ಅವಳು ಒಂದನ್ನು ಇಳಿಸಿ, ಒಳಗನ್ನು ಹೊರಗೆ ಮಾಡಿ ನೋಡಿದಳು. ಬೆನ್ನಲ್ಲಿ ಒಂದು ಗಂಟಿಲ್ಲ. ಎಲ್ಲಾದರೂ ಸೊಟ್ಟಗಾಗಿದ್ದರೆ ಸಮಾಧಾನವಾಗುತ್ತಿತ್ತೇನೋ. ತನ್ನದೇ ಕೈಕೆಲಸದಂತೆ ಅಚ್ಚುಕಟ್ಟಾಗಿತ್ತು.

ಅದು ಸುಳ್ಳು ಅನ್ನಲು ಬಾಯಿ ತೆರೆದಳು. ಹಾಗಂದುಬಿಟ್ಟರೆ ಮನೆಯ ಮಾನ ಅಂಗಡಿಯ ಕಟ್ಟೆಗೆ ಬೀಳುತ್ತದೆ, ಮೈದುನ ನಾಳೆ ಈ ಬೀದಿಯಲ್ಲಿ ಮುಖವೆತ್ತಿ ನಡೆಯಬೇಕು.

"ಹೌದಪ್ಪ," ಎಂದಳು. "ಸ್ವಲ್ಪ ಮಂಜು ಮಂಜು."

ಮನೆಯಲ್ಲಿ ಕಿರಿಯವಳು ಬಾಗಿಲು ಮುಂದೆ ಮಾಡಿಕೊಂಡು ಹೊಲಿಯುತ್ತಿದ್ದಳು. ಹಿರಿಯವಳು ಬಾಗಿಲು ತಳ್ಳಿ ಒಳಗೆ ಬರುತ್ತಿದ್ದಂತೆಯೇ ಕಿರಿಯವಳು ಮಡಿಲಿನ ಬಟ್ಟೆಯನ್ನು ಸೆರಗಿನಡಿ ಸರಿಸಿದಳು.

"ಮುಚ್ಚಬೇಡ, ಅಂಗಡಿಗೆ ಹೋಗಿ ಬಂದೆ. ಪರೀಕ್ಷೆ ಹೇಗಾಯ್ತು?"

"ಯಾವ ಪರೀಕ್ಷೆ?"

"ನಿನ್ನ ಮಗಳದು."

ಕಿರಿಯವಳ ಕುತ್ತಿಗೆ ಕೆಂಪೇರಿತು. "ದುಡ್ಡು ಇಬ್ಬರ ಕೈಗೆ ಹಂಚಿಹೋದ್ರೆ ಏನು ಉಳೀತಿತ್ತು ಅಕ್ಕ? ಮಕ್ಕಳು ಬೆಳೀತಿದಾರೆ. ನಿಮಗೇನು ಇಲ್ಲಿ ಊಟಕ್ಕೆ ಕಡಿಮೆ ಮಾಡಿದೀನಾ?"

"ಕೇಳಿದ್ರೆ ಕೆಲಸ ನಾನೇ ಬಿಟ್ಟುಕೊಡ್ತಿದ್ದೆ ಕಣೆ. ಕಣ್ಣು ಯಾಕೆ ಕಿತ್ತುಕೊಂಡೆ?"

ಕಿರಿಯವಳು ಸೆರಗಿನಡಿಯ ಬಟ್ಟೆ ಎಳೆದುಕೊಂಡು ಮತ್ತೆ ಹೊಲಿಯತೊಡಗಿದಳು. ರಾತ್ರಿ ಊಟಕ್ಕೆ ಕರೆ ಬಂತು. ಹಿರಿಯವಳು ಹೋಗಿ ತಲೆತಗ್ಗಿಸಿ ಉಂಡಳು.

ಅವಳ ಕಣ್ಣು ಮಂಜಾದ ಸುದ್ದಿ ಬೀದಿಯಿಡೀ ಹಬ್ಬಿತು. ಮರುದಿನ ಸಾಮಾನಿಗೆ ಹೊರಟಾಗ ತರಕಾರಿಯವಳು ತಕ್ಕಡಿ ಬಿಟ್ಟು ಓಡಿಬಂದು ಮೊಣಕೈ ಹಿಡಿದಳು. "ಮೆಲ್ಲಗೆ ಅಕ್ಕ, ಇಲ್ಲೊಂದು ಮೆಟ್ಟಿಲಿದೆ."

ಮೆಟ್ಟಿಲಷ್ಟೇ ಅಲ್ಲ, ಅದರ ಬಿರುಕಿನಲ್ಲಿ ಸಾಲು ಹಿಡಿದ ಇರುವೆಗಳೂ ಅವಳಿಗೆ ಕಾಣುತ್ತಿದ್ದವು.

"ಹೂಂ," ಎಂದು, ತಡವರಿಸುವವಳಂತೆ ಕಾಲೆತ್ತಿ ಇಟ್ಟಳು.