ಹುಳದ ಮನೆಯೊಳಗೆ ಅತ್ತರಿನ ವಾಸನೆ

ಸತ್ತವರು ವಾಸನೆಯಾಗಿ ಬರುತ್ತಾರೆಂದು ಯಾರಾದರೂ ಹೇಳಿದರೆ ನಾನು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದವಳು. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ನೀವು ಮೊಮ್ಮಕ್ಕಳು ಸೆಂಟು ಹೊಡೆದುಕೊಂಡು ನಡುಮನೆಗೆ ಬಂದಾಗಲೆಲ್ಲ ನಾನೂ ನಿಮ್ಮಮ್ಮನೂ ಮಾತು ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡುತ್ತೇವೆ. ಯಾಕಜ್ಜೀ ಎಂದು ಕೇಳುತ್ತಲೇ ಇದ್ದೀರಿ. ಎದುರಿಗೆ ಕೂತು ಹೇಳಲು ನನಗೆ ಸಂಕೋಚ. ಅದಕ್ಕೇ ಬರೆದಿಡುತ್ತಿದ್ದೇನೆ.

ನೀವು ಹುಟ್ಟುವ ಮೊದಲಿನ ಮಾತು, ಈಗಿನಂತೆ ಆಗಲೂ ಹುಳ ಸಾಕುತ್ತಿದ್ದೆವು. ರೇಷ್ಮೆ ಹುಳಕ್ಕೆ ಘಾಟೂ ಆಗದು, ಪರಿಮಳವೂ ಆಗದು. ಹುಳದ ಮನೆಗೆ ಹೂ ಮುಡಿದು ಹೋಗುವಂತಿರಲಿಲ್ಲ, ಊದುಬತ್ತಿ ಹಚ್ಚುವಂತಿರಲಿಲ್ಲ, ಪಕ್ಕದಲ್ಲಿ ಒಗ್ಗರಣೆಯನ್ನೂ ಹಾಕುತ್ತಿರಲಿಲ್ಲ. ನಿಮ್ಮ ತಾತ ಈ ನೇಮವನ್ನು ದೇವರ ಮನೆಯ ಮಡಿಗಿಂತ ಬಿಗಿಯಾಗಿ ನಡೆಸಿದವರು. ರೇಷ್ಮೆ ಗೂಡು ಮಾರಿದ ದಿನ ಮಾತ್ರ ಮಾರ್ಕೆಟ್ಟಿನ ಬಾಗಿಲಲ್ಲಿ ಕೂರುವ ಸಾಬರ ಹತ್ತಿರ ಅತ್ತರು ಕೊಂಡು, ಹತ್ತಿಯಲ್ಲಿ ಅದ್ದಿ ಕಿವಿಗೆ ಸಿಕ್ಕಿಸಿಕೊಂಡು, ಎಲೆಅಡಿಕೆ ಮೆಲ್ಲುತ್ತಾ ಮನೆಗೆ ಬರುತ್ತಿದ್ದರು. ಆ ವಾಸನೆ ಬಂದ ದಿನ ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಗದರುತ್ತಿರಲಿಲ್ಲ. ಆದರೆ ತಲೆಗೆ ನೀರು ಹಾಕಿಕೊಳ್ಳದೆ ಅವರು ಹುಳದ ಮನೆಯ ಕಡೆ ಕಾಲಿಡುತ್ತಿರಲಿಲ್ಲ.

ಅವರು ತೀರಿಕೊಂಡು ವರ್ಷವಾಗಿತ್ತು. ನಿಮ್ಮಮ್ಮ ಸಮೇತನಹಳ್ಳಿಯಿಂದ ಸೊಸೆಯಾಗಿ ಬಂದು ಮೂರು ತಿಂಗಳು. ಮಾವನನ್ನು ಅವಳು ನೋಡಿದ್ದು ಗೋಡೆಯ ಪಟದಲ್ಲಿ ಮಾತ್ರ. ನಿಮ್ಮಪ್ಪನಿಗೆ ಫ್ಯಾಕ್ಟರಿಯ ಪಾಳಿ. ಹಾಗಾಗಿ ಹುಳ ನಮ್ಮಿಬ್ಬರ ಕೈಯಲ್ಲೇ ಇತ್ತು. ಪೊರೆ ಬಿಡುವ ನಾಲ್ಕನೇ ಜ್ವರ ಮುಗಿದು, ಹುಳ ಹೊಟ್ಟೆಬಾಕನಂತೆ ಮೇಯುತ್ತಿದ್ದ ದಿನಗಳು. ಒಳಗೆ ಹೋದರೆ ತಗಡಿನ ಮೇಲೆ ಜಿನುಗು ಮಳೆ ಬಿದ್ದ ಹಾಗೆ ಸದ್ದು.

ಅವತ್ತು ದೀಪ ಹಚ್ಚುವ ಹೊತ್ತು. ಸೋಂಕು ಒಳಗೆ ಬಾರದಿರಲೆಂದು ಬಾಗಿಲಲ್ಲಿ ಹರಡಿದ್ದ ಸುಣ್ಣದ ಪುಡಿ ತುಳಿದು, ಸೊಪ್ಪಿನ ಕುಕ್ಕೆ ಹೊತ್ತು ಒಳಗೆ ಕಾಲಿಟ್ಟೆ. ಗಪ್ಪೆಂದು ಅತ್ತರು ಮೂಗಿಗೆ ಹೊಡೆಯಿತು. ನಿಮ್ಮಮ್ಮ ಹುಳ ಮೇಯುವ ಬಿದಿರು ತಟ್ಟೆಗಳ ಆ ಕಡೆ ನಿಂತಿದ್ದಳು. ನನಗೆ ಬೇರೆ ಯೋಚನೆಯೇ ಬರಲಿಲ್ಲ, ನೆತ್ತಿಗೆ ಕೋಪ ಏರಿತು.

"ಏನಮ್ಮಾ ಇದು? ಹುಳದ ಮನೇಗೆ ಸೆಂಟ್ ಬಳ್ಕೊಂಡು ಬಂದಿದ್ದೀಯಲ್ಲ! ಸಿನಿಮಾಕ್ಕೆ ಹೊರಟಿದ್ಯಾ?"

"ನಾನೇನೂ ಹಾಕ್ಕೊಂಡಿಲ್ಲ ಅತ್ತೆ. ಮುಡಿದಿದ್ದ ಹೂವೂ ಆಚೆ ಮೊಳೆಗೆ ಸಿಗಾಕಿ ಬಂದಿದ್ದೀನಿ."

"ಸುಳ್ಳು ಬೇರೆ ಹೇಳ್ತೀಯಾ? ಮನೆ ಹಾಳ್ ಮಾಡೋಕೇ ಬಂದ್ಯಾ?"

ಎಂದೂ ದನಿ ಎತ್ತದವಳು ನಾನು. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ. ಅವಳು ಕೈಯಲ್ಲಿದ್ದ ಸೊಪ್ಪನ್ನು ಮೆಲ್ಲಗೆ ಕೆಳಗಿಟ್ಟಳು.

"ನಮ್ಮಮ್ಮನ ಮನೇಗೆ ಹೋಗ್ತೀನಿ. ಬಸ್ಸು ಇನ್ನೂ ಇದೆ. ತಿರುಗಿ ಬರಲ್ಲ. ಹೋಗೋಕ್ ಮುಂಚೆ ಒಂದ್ಸಲ ಮೂಸಿ ನೋಡ್ಬಿಡಿ." ಎಂದವಳೇ ನನ್ನೆದುರು ತಲೆ ಬಗ್ಗಿಸಿ ನಿಂತಳು.

ಮೂಸಿದೆ. ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ, ಒಲೆಯ ಹೊಗೆ, ಬೆವರು. ಅಷ್ಟೇ.

ನನ್ನ ಮೂಗು ಅವಳ ಬೈತಲೆಯ ಮೇಲಿದ್ದಾಗಲೇ ಅತ್ತರು ನನ್ನ ಬೆನ್ನ ಹಿಂದಿನಿಂದ ಬಂತು. ಯಾರೋ ಹಾದುಹೋದಾಗ ಬರುವ ಹಾಗೆ, ಬಂದು ಸರಿಯಿತು. ಅವಳು ಥಟ್ಟನೆ ತಲೆಯೆತ್ತಿ ನನ್ನ ಮಣಿಕಟ್ಟು ಹಿಡಿದಳು.

"ಅತ್ತೆ, ಎಲೆಅಡಿಕೆ ಹಾಕ್ಕೊಂಡಿರೋರು ಯಾರೋ ಈಗ್ ತಾನೇ ಹೋದಂಗಾಯ್ತು."

ಆಗ ಗಮನಿಸಿದೆ. ಹುಳ ಮೇಯುವ ಆ ಮಳೆಯಂಥ ಸದ್ದು ನಿಂತಿತ್ತು. ಅಷ್ಟೂ ತಟ್ಟೆಗಳಲ್ಲಿ ಹುಳಗಳು ತಲೆ ಎತ್ತಿ ಅಲುಗದೆ ನಿಂತಿದ್ದವು. ಹಾಗೆ ನಿಲ್ಲುವುದು ಜ್ವರದಲ್ಲಿ ಮಾತ್ರ. ಜ್ವರ ಮುಗಿದು ಮೂರು ದಿನವಾಗಿತ್ತು.

ಭಯದ ನಡುವೆಯೇ ನನ್ನ ಕೋಪ ಎಲ್ಲಿಗೋ ಇಳಿದುಹೋಗಿತ್ತು. ಆ ವಾಸನೆಯಲ್ಲಿ ಗದರಿ ನನಗೆ ಅಭ್ಯಾಸವೇ ಇರಲಿಲ್ಲ. ತಪ್ಪಾಯಿತು ಎನ್ನುವ ಬದಲು ಕೂತು, ಅವಳು ಕೆಳಗಿಟ್ಟ ಸೊಪ್ಪನ್ನು ಎತ್ತಿಕೊಂಡು ಅರ್ಧ ಅವಳ ಕಡೆ ಚಾಚಿದೆ. ಅವಳು ನನ್ನನ್ನೇ ನೋಡಿದಳು. ಆಮೇಲೆ ಕೈ ಚಾಚಿ ತೆಗೆದುಕೊಂಡಳು. ಮೊದಲು ಒಂದು ತಟ್ಟೆಯಲ್ಲಿ, ಆಮೇಲೆ ಎಲ್ಲದರಲ್ಲೂ ಮೇಯುವ ಸದ್ದು ಶುರುವಾಯಿತು. ಅವತ್ತು ಬಸ್ಸು ಅವಳನ್ನು ಬಿಟ್ಟೇ ಹೋಯಿತು.

ಬೆಳೆ ಕೈಗೆ ಬಂತು. ಗೂಡು ಮಾರಿದ ದಿನ ಅವಳನ್ನು ಆ ಸಾಬರ ಹತ್ತಿರ ಕರೆದೊಯ್ದು, ತಾತ ಕೊಳ್ಳುತ್ತಿದ್ದ ಅತ್ತರನ್ನು ಹತ್ತಿಯಲ್ಲಿ ಕೊಡಿಸಿದೆ. ಅದು ತಾತನ ಅತ್ತರೆಂದು ಅವಳಿಗೆ ಹೇಳಿರಲಿಲ್ಲ. ಮೂಸಿ, ಮುಖ ಆಚೆ ತಿರುಗಿಸಿದಳು.

"ಇದೇ ಅತ್ತೆ. ಎಲೆಅಡಿಕೆ ಒಂದು ಕಮ್ಮಿ."

ಬಂದವರು ನಿಮ್ಮ ತಾತನೇ ಆದರೆ, ಬದುಕಿರುವ ತನಕ ಒಮ್ಮೆಯೂ ಮುರಿಯದ ನೇಮವನ್ನು ಯಾಕೆ ಮುರಿದರು? ನಮ್ಮಿಬ್ಬರ ನಡುವೆ ಜಗಳ ಹಚ್ಚಿದ್ದೂ ಆ ವಾಸನೆಯೇ, ಬಿಡಿಸಿದ್ದೂ ಅದೇ. ಎಷ್ಟು ಯೋಚಿಸಿದರೂ ನನಗೆ ಬಗೆಹರಿದಿಲ್ಲ. ಅದಕ್ಕೇ ನೀವು ಸೆಂಟು ಹೊಡೆದುಕೊಂಡು ಬಂದಾಗ ನಾವಿಬ್ಬರೂ ಸುಮ್ಮನಾಗುತ್ತೇವೆ. ಆಚೆ ಹುಳ ಮೇಯುವ ಸದ್ದು ಕೇಳಿಸುತ್ತಿದೆಯೇ, ಅವತ್ತಿನ ಹಾಗೆ ನಿಂತಿದೆಯೇ ಎಂದು ಕಿವಿ ಕೊಡುತ್ತೇವೆ.